ಆರ್ಟಿಚೋಕ್: ನುಗ್ಗೆಕಾಯಿ ತಿಂದವರಿಗೆ ಕಷ್ಟವಲ್ಲ

ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸತರಲ್ಲಿ ಯಾರದೋ ಮನೆಯ ಊಟದಲ್ಲಿ ಆರ್ಟಿಚೋಕ್ ಇಟ್ಟಿದ್ದರು. ನಾನು ಒಂದು ಎಸಳು ಕಿತ್ತು ಪೂರ್ತಿ ಬಾಯಿಗೆ ಹಾಕಿಕೊಂಡೆ. ಅಗಿದೆ, ಅಗಿದೆ, ಬರೀ ನಾರು. ನುಂಗೋಕೂ ಆಗಲಿಲ್ಲ, ಎಲ್ಲರೆದುರು ಉಗಿಯೋಕೂ ಆಗಲಿಲ್ಲ. ಇದನ್ನು ನುಗ್ಗೆಕಾಯಿ ಹಾಗೆ ತಿನ್ನಬೇಕು ಅಂತ ಆಮೇಲೆ ಗೊತ್ತಾಯಿತು.

ತರಕಾರಿ ಅಂತೀವಿ, ಆದರೆ ಇದು ಅರಳದ ಹೂಮೊಗ್ಗು. ಬಿಟ್ಟರೆ ನೇರಳೆ ಬಣ್ಣದ ದೊಡ್ಡ ಹೂವಾಗುತ್ತದೆ. ಸೂರ್ಯಕಾಂತಿ ಕುಟುಂಬದ ಗಿಡ, ನಮ್ಮ ಕುಸುಬೆಗೆ ಹತ್ತಿರದ ನಂಟು. ಕುಸುಬೆ ಹೊಲದಲ್ಲಿ ಓಡಾಡಿದವರಿಗೆ ಮುಳ್ಳಿನ ವಿಷಯ ಹೇಳಬೇಕಿಲ್ಲ. ಮೂಲ ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ. ಅಮೆರಿಕದಲ್ಲಿ ಮಾರಾಟಕ್ಕೆ ಬೆಳೆಯುವುದು ಹೆಚ್ಚುಕಮ್ಮಿ ಎಲ್ಲವೂ ಕ್ಯಾಲಿಫೋರ್ನಿಯಾದ್ದೇ. ಅದರಲ್ಲೂ ತಂಪು ಮಂಜು ಕವಿಯುವ ಕ್ಯಾಸ್ಟ್ರೋವಿಲ್ ಊರಿನ ಸುತ್ತ. 1935ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೇಯರ್ ಫಿಯೊರೆಲ್ಲೊ ಲಾಗಾರ್ಡಿಯಾ ಇದರ ಮಾರಾಟವನ್ನೇ ನಿಷೇಧಿಸಿದ್ದರು. ವ್ಯಾಪಾರ ಪೂರ್ತಿ ಮಾಫಿಯಾ ಕೈಗೆ ಹೋಗಿತ್ತು! ನಿಷೇಧ ಕೆಲವೇ ದಿನ ಇತ್ತು.

ಇನ್ನು ಅಡುಗೆಮನೆಗೆ ಬನ್ನಿ. ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ, ಗಾತ್ರಕ್ಕೆ ತಕ್ಕ ಭಾರ ಇರಬೇಕು. ಎಸಳು ಒತ್ತಾಗಿ ಮುಚ್ಚಿರಬೇಕು. ಮೆಲ್ಲಗೆ ಹಿಚುಕಿದರೆ ಕಿರ್ ಅಂತ ಸದ್ದು ಬಂದರೆ ಎಳೆಯದು. ಹೊರಗಿನ ಎಸಳಲ್ಲಿ ಕಂದು ಕಲೆ ಇದ್ದರೆ ಹೆದರಬೇಡಿ, ಇಬ್ಬನಿ ಹೆಪ್ಪುಗಟ್ಟಿದಾಗಲೂ ಹಾಗಾಗುತ್ತದೆ.

ಚೆನ್ನಾಗಿ ತೊಳೆದು, ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ತುದಿಯನ್ನು ಒಂದು ಇಂಚು ಕತ್ತರಿಸಿ. ಉಳಿದ ಎಸಳುಗಳ ಮುಳ್ಳನ್ನು ಕತ್ತರಿಯಿಂದ ತೆಗೆಯಿರಿ. ತೊಟ್ಟು ಎಸೆಯಬೇಡಿ. ಸಿಪ್ಪೆ ಹೆರೆದರೆ ಒಳಗಿನ ತಿರುಳು ತಿನ್ನೋಕೆ ಚೆನ್ನ. ಕೊಯ್ದ ಜಾಗ ಬಾಳೆಹೂವಿನಂತೆ ನೋಡನೋಡುತ್ತಲೇ ಕಪ್ಪಾಗುತ್ತದೆ. ಬಾಳೆಹೂವಿಗೆ ಮಜ್ಜಿಗೆ ನೀರು, ಇದಕ್ಕೆ ನಿಂಬೆಹೋಳು ಉಜ್ಜಿದರೆ ಸಾಕು.

ಬೇಯಿಸಲು ಇಡ್ಲಿ ಪಾತ್ರೆಯೇ ಸರಿ, ತಟ್ಟೆಯ ಬದಲು ಜಾಲರಿ ಇಟ್ಟುಕೊಳ್ಳಿ. ಆದರೆ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಂ, ಕಬ್ಬಿಣದಲ್ಲಿ ಬಣ್ಣ ಕೆಡುತ್ತದೆ. ತಲೆಕೆಳಗಾಗಿ ಇಟ್ಟು, ದೊಡ್ಡದಾದರೆ 40 ನಿಮಿಷ ಹಬೆಯಲ್ಲಿ ಬೇಯಿಸಿ. ನಡುವೆ ನೀರು ಆರಿದೆಯಾ ನೋಡುತ್ತಿರಿ. ಒಳಗಿನ ಒಂದು ಎಸಳು ಎಳೆದಾಗ ಸಲೀಸಾಗಿ ಬಂದರೆ ಬೆಂದಿದೆ ಅಂತ.

ತಿನ್ನೋದು ಕೈಯಲ್ಲೇ, ಫೋರ್ಕ್ ಆ ಕಡೆ ಇಡಿ. ಎಸಳು ಕಿತ್ತು, ಬುಡವನ್ನು ಬೆಳ್ಳುಳ್ಳಿ, ನಿಂಬೆರಸ ಹಾಕಿದ ಕರಗಿದ ಬೆಣ್ಣೆಯಲ್ಲಿ ಅದ್ದಿ. ಹಲ್ಲಲ್ಲಿ ಹಿಡಿದು ಎಳೆಯಿರಿ. ಬುಡದ ಚೂರು ತಿರುಳು ಬಾಯಿಗೆ, ಸಿಪ್ಪೆ ತಟ್ಟೆಗೆ. ನಮ್ಮ ಮನೆಯಲ್ಲಿ ಬೆಣ್ಣೆಗೆ ಒಂದು ಚಿಟಿಕೆ ಚಟ್ನಿಪುಡಿಯೂ ಬೀಳುತ್ತದೆ. ಇಟಲಿಯವರು ಕೇಳಿದರೆ ಏನಂತಾರೋ!

ಒಳಹೋದಂತೆ ಎಸಳು ತೆಳುವಾಗುತ್ತಾ, ಕೊನೆಗೆ ಬೆಕ್ಕಿನ ರೋಮದಂಥ ಕುಚ್ಚು ಸಿಗುತ್ತದೆ. ಅರಳಬೇಕಿದ್ದ ಹೂಗಳು ಅವು. ತಿನ್ನಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚಮಚದಲ್ಲಿ ಕೆರೆದು ತೆಗೆಯಿರಿ. ಅದರ ಕೆಳಗಿದೆ ನೋಡಿ, ಬಟ್ಟಲಿನಂಥ ಮೆತ್ತನೆಯ ಬುಡ. ಅಷ್ಟೊತ್ತು ಗುದ್ದಾಡಿದ್ದು ಇದಕ್ಕೇ. ಮಕ್ಕಳು ಇದ್ದರೆ ಬೇಗ ಬಾಯಿಗೆ ಹಾಕಿಕೊಳ್ಳಿ.

ತಿಂದ ಮೇಲೆ ಒಂದು ಲೋಟ ನೀರು ಕುಡಿಯಿರಿ. ಎಷ್ಟೋ ಜನರಿಗೆ ನೆಲ್ಲಿಕಾಯಿ ತಿಂದಾಗಿನಂತೆ ನೀರು ಸಿಹಿ ಅನ್ನಿಸುತ್ತದೆ. ಇದರಲ್ಲಿರುವ ಸಿನರಿನ್ ಎಂಬ ಅಂಶದ ಕರಾಮತ್ತು ಅದು. ಜೊತೆಗೆ ವೈನ್ ಇಟ್ಟುಕೊಂಡವರು ರುಚಿ ಕೆಟ್ಟಿತು ಅಂತ ಗೊಣಗುವುದೂ ಇದಕ್ಕೇ.