ಎತ್ತರದ ಶೂಟರ್‌ಗೆ ಯಾವ ಸ್ಟಾಕ್: ಅಡ್ಜಸ್ಟೆಬಲ್ಲೋ, ಫಿಕ್ಸೆಡ್ಡೋ?

6 ಅಡಿ ದಾಟಿದವರು ಕ್ಲಬ್ಬಿನ ರೈಫಲ್ ಎತ್ತಿ ಹಿಡಿದರೆ ನೋಡುವವರೆಲ್ಲ ಹೇಳುವ ಮಾತು ಒಂದೇ: ಸ್ಟಾಕ್, ಅಂದರೆ ಭುಜಕ್ಕೆ ಆನಿಸುವ ಹಿಡಿ, ಗಿಡ್ಡವಾಯಿತು. ಇದು ಅರ್ಧ ನಿಜ. ಉದ್ದ ಮಾತ್ರ ಸಾಲದಿದ್ದರೆ ಸ್ಟಾಕಿಗೂ ಬಟ್ ಪ್ಲೇಟಿಗೂ (ಭುಜಕ್ಕೆ ತಾಗುವ ತುದಿಯ ತಟ್ಟೆ) ನಡುವೆ ಒಂದೆರಡು ಸ್ಪೇಸರ್ (ಉದ್ದ ಕೂಡಿಸುವ ಬಿಲ್ಲೆ) ಸೇರಿಸಿದರೆ ಕೆಲಸ ಮುಗಿಯುತ್ತದೆ, ಅದಕ್ಕಾಗಿ ಉದ್ದ, ಎತ್ತರ ಬದಲಿಸಬಹುದಾದ ದುಬಾರಿ ಅಡ್ಜಸ್ಟೆಬಲ್ ಅಲ್ಯೂಮಿನಿಯಂ ಸ್ಟಾಕ್ ಕೊಳ್ಳಬೇಕಾಗಿಲ್ಲ. ಎತ್ತರದವರನ್ನು ನಿಜವಾಗಿ ಕಾಡುವುದು ಕತ್ತಿನ ಉದ್ದ. ಭುಜದಲ್ಲಿ ಬಟ್ ಕೂರುವ ಜಾಗಕ್ಕೂ ಕಣ್ಣಿಗೂ ಇರುವ ಅಂತರ ಅವರಲ್ಲಿ ಹೆಚ್ಚು. ಬಟ್ ಪ್ಲೇಟನ್ನು ಕೆಳಗಿಳಿಸಿ ರೈಫಲ್ಲನ್ನು ಕಣ್ಣಿನ ಮಟ್ಟಕ್ಕೆ ತರಬೇಕು. ಅಳತೆ ಬದಲಾಗದ ಫಿಕ್ಸೆಡ್ ಸ್ಟಾಕ್‌ನಲ್ಲಿ ಈ ಅವಕಾಶ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ಕೊರತೆ ಉದ್ದದ್ದೋ ಕತ್ತಿನದ್ದೋ ಎಂಬುದನ್ನು ಅಳೆದು ನೋಡಿಯೇ ದುಡ್ಡು ಬಿಚ್ಚಬೇಕು.

ಅಳತೆಗೆ ಮುಂಚೆ ರೈಫಲ್ ಖಾಲಿ ಮಾಡಿ, ಬೋಲ್ಟ್ ತೆರೆದಿಟ್ಟು, ಬ್ಯಾರಲ್‌ಗೆ ಸೇಫ್ಟಿ ಫ್ಲ್ಯಾಗ್ (ಗುಂಡಿಲ್ಲ ಎಂದು ತೋರಿಸುವ ಪಟ್ಟಿ) ಹಾಕಿ. ಶೂಟಿಂಗ್ ಜಾಕೆಟ್ ಮತ್ತು ಬೂಟು ತೊಟ್ಟೇ ಅಳೆಯಬೇಕು. ಜಾಕೆಟ್ಟಿನ ದಪ್ಪ ಸ್ಟಾಕನ್ನು ಉದ್ದ ಮಾಡಿದಂತೆಯೇ ಲೆಕ್ಕ. ಟೀ ಶರ್ಟಿನಲ್ಲಿ ಸರಿಹೋದ ಉದ್ದ ಜಾಕೆಟ್ ಹಾಕಿದಾಗ ಹೆಚ್ಚಾಗಿ ಕಾಣುವುದು ಇದಕ್ಕೇ.

ಟ್ರಿಗರಿನ ಮುಖದಿಂದ ಬಟ್ ಪ್ಲೇಟಿನ ಮಧ್ಯದವರೆಗೆ ನೇರವಾಗಿ ಟೇಪು ಹಿಡಿದರೆ ಬರುವುದು ಪುಲ್ ಲೆಂಗ್ತ್. ಮಾಮೂಲು ಫಿಕ್ಸೆಡ್ ಸ್ಟಾಕ್‌ಗಳಲ್ಲಿ ಇದು 13.5ರಿಂದ 14 ಇಂಚಿನ ಆಸುಪಾಸು, ಅಂದರೆ ಸುಮಾರು 343ರಿಂದ 356 ಮಿ.ಮೀ. ಸಾಧಾರಣ ಎತ್ತರದವರಿಗೆ ಇಷ್ಟು ಸಾಕು. 6 ಅಡಿ 2 ಇಂಚಿನವರಿಗೆ 14.5ರಿಂದ 15 ಇಂಚು ಬೇಕಾಗಬಹುದು. ಮೊಣಕೈ ಮಡಚಿ, ಅದರ ಒಳಬಾಗಿನಲ್ಲಿ ಬಟ್ ಇಟ್ಟು, ತೋರುಬೆರಳು ಟ್ರಿಗರಿಗೆ ಮುಟ್ಟುತ್ತದೆಯೇ ಎಂದು ನೋಡುವ ಹಳೆಯ ಪದ್ಧತಿ ಅಂದಾಜಿಗೆ ಮಾತ್ರ. ಅದು ಮುಂಗೈ ಅಳೆಯುತ್ತದೆ, ಕತ್ತನ್ನೂ ಎದೆಯ ಅಗಲವನ್ನೂ ಅಳೆಯುವುದಿಲ್ಲ.

ಇದಕ್ಕಿಂತ ನಂಬಬಹುದಾದ ಪರೀಕ್ಷೆ ಇನ್ನೊಂದಿದೆ. ಕಣ್ಣು ಮುಚ್ಚಿ, ದಿನವೂ ನಿಲ್ಲುವ ಭಂಗಿಯಲ್ಲಿ ನಿಂತು, ರೈಫಲ್ಲನ್ನು ಭುಜಕ್ಕೆ ತಂದು, ತಲೆ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲಿಗೆ ಬಿಡಿ. ಎರಡು ಉಸಿರು ಆದ ಮೇಲೆ ಕಣ್ಣು ತೆರೆಯಿರಿ. ಕಣ್ಣಿಟ್ಟು ಗುರಿ ನೋಡುವ ಪೀಪ್ ಸೈಟಿನ ತೂತಿನ ನಡುವೆ ಮುಂದಿನ ಸೈಟಿನ ಉಂಗುರ ಕಂಡರೆ ಸ್ಟಾಕ್ ನಿಮ್ಮದು. ಐದಾರು ಸಲ ಹೀಗೆ ಮಾಡಿ, ಪ್ರತಿ ಸಲವೂ ಕಣ್ಣು ಎಲ್ಲಿತ್ತು ಎಂದು ಬರೆದಿಡಿ. ಜೊತೆಗೊಬ್ಬರು ಪಕ್ಕದಿಂದ ಫೋಟೊ ತೆಗೆದರೆ ಒಳ್ಳೆಯದು. ಕತ್ತು ಮುಂದಕ್ಕೆ ಚಾಚಿದ್ದು, ತಲೆ ಕೆಳಗೆ ಬಾಗಿದ್ದು ನಿಂತವರಿಗೆ ಗೊತ್ತಾಗುವುದಿಲ್ಲ, ಫೋಟೊದಲ್ಲಿ ಎದ್ದು ಕಾಣುತ್ತದೆ.

ಫೋಟೊದಲ್ಲಿ ತಲೆ ನೆಟ್ಟಗಿದ್ದು, ಮುಖ ಮಾತ್ರ ಸೈಟಿಗೆ ತೀರಾ ಹತ್ತಿರವಿದ್ದರೆ ಕೊರತೆ ಉದ್ದದ್ದು. ಹೆಬ್ಬೆರಳಿಗೂ ಮೂಗಿಗೂ ಎರಡು ಬೆರಳು ಅಂತರವೂ ಇಲ್ಲದಿರುವುದು ಇದೇ ಗುರುತು. ಟೆಲಿಸ್ಕೋಪ್ ಇರುವ ರೈಫಲ್ಲಿನಲ್ಲಿ ಇದು ಅಪಾಯಕಾರಿ. ಸಾಮಾನ್ಯ ಸ್ಕೋಪಿಗೆ ಕಣ್ಣು 75ರಿಂದ 90 ಮಿ.ಮೀ. ದೂರ ಇರಬೇಕು. ಹಿಂದಕ್ಕೆ ಒದೆಯುವ ರೈಫಲ್ ಗಿಡ್ಡವಾಗಿದ್ದರೆ ಸ್ಕೋಪಿನ ಅಂಚು ಹುಬ್ಬನ್ನು ಸೀಳುತ್ತದೆ.

ತಲೆ ತಗ್ಗಿದ್ದು, ಹುಬ್ಬಿನ ಕೆಳಗಿನಿಂದ ಮೇಲಕ್ಕೆ ನೋಡುವಂತಿದ್ದರೆ ಕೊರತೆ ಕತ್ತಿನ ಬಳಿ ಇದೆ. ಇಂಥವರಿಗೆ ಸ್ಪೇಸರ್ ಹಾಕಿದರೆ ತೊಂದರೆ ಹೆಚ್ಚುತ್ತದೆ. ಉದ್ದ ಅಗತ್ಯಕ್ಕಿಂತ ಮೀರಿದರೆ ಬಟ್ ಭುಜದ ಗುಳಿಯಿಂದ ಜಾರಿ ತೋಳಿನ ಕಡೆ ಹೋಗುತ್ತದೆ, ತೂಕ ಮುಂದಕ್ಕೆ ಎಳೆಯುತ್ತದೆ, ಸೊಂಟ ಹಿಂದಕ್ಕೆ ವಾಲುತ್ತದೆ. ತಲೆ ಬಾಗಿದರೆ ಒಳಕಿವಿ ಕೊಡುವ ಸಮತೋಲನದ ಸೂಚನೆಯೂ ಕೆಡುತ್ತದೆ. 60 ಹೊಡೆತದ ಸ್ಪರ್ಧೆಯಲ್ಲಿ ಮೊದಲ 20 ಚೆನ್ನಾಗಿ ಬಿದ್ದು ಆಮೇಲೆ ಗುಂಡು ಬಿದ್ದ ಗುರುತುಗಳ ಗುಂಪು ಮೇಲೆ ಕೆಳಗೆ ಚದುರುವುದನ್ನು ಬರೀ ಆಯಾಸ ಎಂದುಕೊಳ್ಳುವವರು ಬಹಳ. ಅಂಥವರು ಒಮ್ಮೆ ಕತ್ತಿನ ಕೋನ ನೋಡಬೇಕು.

ಮೂರನೆಯದು ಮುಖ. ಎತ್ತರಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ, ಆದರೆ ಉದ್ದ ಮುಖದವರಿಗೆ ಕಣ್ಣಿನಿಂದ ದವಡೆಗೆ ಅಂತರ ಜಾಸ್ತಿ. ಕೆನ್ನೆ ಇಟ್ಟಾಗ ಕಣ್ಣು ಸೈಟಿನ ಸಾಲಿಗಿಂತ ಮೇಲೆ ಉಳಿದರೆ ಕೆನ್ನೆ ಆನುವ ಚೀಕ್ ಪೀಸ್ ಇಳಿಸಬೇಕು, ಇಲ್ಲವೇ ಸೈಟುಗಳ ಕೆಳಗೆ ರೈಸರ್ ಬ್ಲಾಕ್ ಇಟ್ಟು ಎರಡನ್ನೂ ಸಮವಾಗಿ ಎತ್ತಬೇಕು. ಕಣ್ಣು ಕೆಳಗಿದ್ದರೆ ಚೀಕ್ ಪೀಸ್ ಏರಿಸಬೇಕು. ಫಿಕ್ಸೆಡ್ ಸ್ಟಾಕ್‌ಗೆ ಮೇಲೆ ಫೋಮ್ ಅಂಟಿಸಿ ಏರಿಸಬಹುದು. ಇಳಿಸಬೇಕೆಂದರೆ ಮರ ಕೆತ್ತಬೇಕು, ಕೆತ್ತಿದ್ದನ್ನು ಮತ್ತೆ ಕೂಡಿಸಲಾಗದು.

ಕೊರತೆ ಉದ್ದದ್ದು ಮಾತ್ರ, ಅದೂ 25 ಮಿ.ಮೀ. ಒಳಗೆ, ನೀವು ಹೊಡೆಯುವುದು ಒಂದೇ ಭಂಗಿಯಲ್ಲಿ, ರೈಫಲ್ ಬಳಸುವವರು ನೀವೊಬ್ಬರೇ ಎಂದಾದರೆ ಫಿಕ್ಸೆಡ್ ಸ್ಟಾಕ್ ಇಟ್ಟುಕೊಳ್ಳಿ. ಹಗುರ, ಗಟ್ಟಿ, ಸಡಿಲವಾಗುವ ಸ್ಕ್ರೂ ಕಡಿಮೆ. ಸ್ಪೇಸರುಗಳನ್ನು 5 ಮತ್ತು 10 ಮಿ.ಮೀ. ದಪ್ಪದಲ್ಲಿ ತೆಗೆದುಕೊಂಡರೆ ಬೇಕಾದ ಉದ್ದ ಕೂಡಿಸಬಹುದು. ಇಲ್ಲಿ ಎಲ್ಲರೂ ಮಾಡುವ ತಪ್ಪು ಸ್ಕ್ರೂವಿನದ್ದು. 20 ಮಿ.ಮೀ. ಸ್ಪೇಸರ್ ಹಾಕಿ ಹಳೆಯ ಸ್ಕ್ರೂವನ್ನೇ ಬಿಗಿದರೆ ಮರದೊಳಗೆ ಹಿಡಿಯುವುದು ನಾಲ್ಕೈದು ಸುತ್ತು ಅಷ್ಟೇ. ನಾಲ್ಕು ದಿನದಲ್ಲಿ ಬಟ್ ಅಲುಗಾಡುತ್ತದೆ, ಆ ತೂತೂ ಹಾಳು. ಸ್ಪೇಸರ್ ಎಷ್ಟು ದಪ್ಪವೋ ಅಷ್ಟೇ ಉದ್ದ ಹೆಚ್ಚಿರುವ ಸ್ಕ್ರೂ ತನ್ನಿ. ಅದಕ್ಕಿಂತಲೂ ಉದ್ದದ ಸ್ಕ್ರೂ ಹಾಕಿ ತೂತು ಹಳೆಯ ಆಳವೇ ಇದ್ದರೆ ಮರ ಸೀಳುತ್ತದೆ, ಅಂಥದ್ದೇ ಸಿಕ್ಕಿದರೆ ಮೊದಲೇ ಸಣ್ಣ ಡ್ರಿಲ್ ಬಿಟ್ಟಿನಿಂದ ಆಳ ಮಾಡಿ, ಸ್ಕ್ರೂವಿಗೆ ಮೇಣದ ಬತ್ತಿ ಉಜ್ಜಿ ತಿರುಗಿಸಿ. 25 ಮಿ.ಮೀ. ದಾಟಿಸಿ ಸ್ಪೇಸರ್ ಪೇರಿಸಬೇಡಿ. ಅಷ್ಟು ಬೇಕಾದರೆ ಆ ಸ್ಟಾಕ್ ನಿಮಗಲ್ಲ.

ಕೊಡಗಿನಲ್ಲಿ ಕೈಲ್ ಪೊಳ್ದ್ (ಆಯುಧ ಪೂಜೆಯ ಹಬ್ಬ) ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಿಗೆ ಮನೆತನದ ಕೋವಿ ಹಿಡಿದು ಬರುವವರಿಗೂ ಇದೇ ಮಾತು. ತಾತನ ಅಳತೆಯ ಮರದ ಹಿಡಿ 6 ಅಡಿಯ ಮೊಮ್ಮಗನಿಗೆ ಗಿಡ್ಡವಾಗುವುದು ಸಹಜ. ಆ ಹಿಡಿಯನ್ನು ಕೊಯ್ಯಿಸಬೇಡಿ, ಬಡಗಿಗೂ ಕೊಡಬೇಡಿ. ರಬ್ಬರಿನ ರಿಕಾಯಿಲ್ ಪ್ಯಾಡ್ ಸಾಮಾನ್ಯವಾಗಿ ಒಂದು ಇಂಚು ಉದ್ದ ಕೊಡುತ್ತದೆ, ಒದೆತವನ್ನೂ ತಗ್ಗಿಸುತ್ತದೆ. ಪರವಾನಗಿ ಇರುವ ಕೋವಿ ರಿಪೇರಿಯವರಲ್ಲೇ ಕೂರಿಸಿ.

ಕತ್ತಿನ ಕೊರತೆ ಇದ್ದರೆ, ಅಥವಾ 50 ಮೀಟರ್ 3 ಪೊಸಿಷನ್ ಹೊಡೆಯುವುದಿದ್ದರೆ ಅಡ್ಜಸ್ಟೆಬಲ್ ಸ್ಟಾಕ್ ಬಿಟ್ಟು ದಾರಿಯಿಲ್ಲ. ಮಂಡಿಯೂರಿ, ಮಲಗಿ, ನಿಂತು ಹೊಡೆಯುವಾಗ ಬಟ್ಟಿನ ಉದ್ದವೂ ಎತ್ತರವೂ ಬೇರೆ ಬೇರೆ. ಸಾಮಾನ್ಯವಾಗಿ ನಿಂತಾಗ ಗಿಡ್ಡ, ಮಲಗಿದಾಗ ಉದ್ದ. ಹತ್ತು ಜನ ಒಂದೇ ರೈಫಲ್ ಹಂಚಿಕೊಳ್ಳುವ ಕ್ಲಬ್ಬಿಗೂ ಇದೇ ಸರಿ. ಕೊಳ್ಳುವಾಗ ಹೆಸರು ನೋಡಿ ಮರುಳಾಗದೆ ಎರಡು ಅಂಕಿ ಕೇಳಿ: ಪುಲ್ ಲೆಂಗ್ತ್ ಗರಿಷ್ಠ ಎಷ್ಟು, ಬಟ್ ಪ್ಲೇಟ್ ಕೆಳಕ್ಕೆ ಎಷ್ಟು ಇಳಿಯುತ್ತದೆ. ಮಕ್ಕಳಿಗೆಂದು ಮಾಡಿದ ಸಣ್ಣ ಮಾಡೆಲ್‌ಗಳೂ ಅಡ್ಜಸ್ಟೆಬಲ್ಲೇ, ಆದರೆ ಅವು ಪೂರ್ತಿ ಎಳೆದರೂ ಎತ್ತರದವರಿಗೆ ಸಾಲವು. ಬಟ್ ಪ್ಲೇಟನ್ನು ಹಿಡಿದು ಒಳಗೆ ಹೊರಗೆ ಸರಿಯುವ ಕಂಬಿ ಪೂರ್ತಿ ಹೊರಗೆ ಬಂದು ತುದಿಯಲ್ಲಿ ನಿಂತಿರುವ ಸ್ಥಿತಿಯಲ್ಲಿ ಹೊಡೆಯಬೇಡಿ. ಒಳಗೆ ಹಿಡಿತ ಕಡಿಮೆಯಾಗಿ ಅದು ನಡುಗುತ್ತದೆ. ನಿಮಗೆ ಬೇಕಾದ ಅಳತೆಯ ಆಚೆಗೂ 15 ಮಿ.ಮೀ. ಮಿಕ್ಕಿರಬೇಕು.

ತೂಕವನ್ನೂ ನೋಡಿ. 10 ಮೀಟರ್ ಏರ್ ರೈಫಲ್ಲಿಗೆ ಅಂತರರಾಷ್ಟ್ರೀಯ ನಿಯಮದ ಮಿತಿ 5.5 ಕೆ.ಜಿ. ಸೈಟು, ರೈಸರ್, ತೂಕದ ತುಂಡು ಎಲ್ಲ ಸೇರಿಸಿದ ಮೇಲೆ ತಕ್ಕಡಿಗೆ ಹಾಕಿ. ಬಟ್ ಎಷ್ಟು ಇಳಿಯಬಹುದು, ಸೈಟು ಎಷ್ಟು ಏರಬಹುದು ಎಂಬುದಕ್ಕೂ ಮಿತಿಗಳಿವೆ, ಎತ್ತರದವರೇ ಅವನ್ನು ಮೊದಲು ಮುಟ್ಟುವುದು. ಸ್ಪರ್ಧೆಗೆ ಹೋಗುವ ಮುನ್ನ ಈಗ ಜಾರಿಯಲ್ಲಿರುವ ನಿಯಮ ಪುಸ್ತಕ ತೆರೆದು ಅಳೆದುಕೊಳ್ಳಿ. ಎಕ್ವಿಪ್‌ಮೆಂಟ್ ಕಂಟ್ರೋಲಿನಲ್ಲಿ (ಸಲಕರಣೆಗಳ ತಪಾಸಣೆ) ಸಿಕ್ಕಿಬಿದ್ದು ಅಲ್ಲಿಯೇ ಬಟ್ ಏರಿಸಿದರೆ ತಿಂಗಳುಗಟ್ಟಲೆ ಕಲಿತ ಭಂಗಿ ಆ ದಿನ ಕೈಕೊಡುತ್ತದೆ.

ಹೊಂದಿಸುವಾಗ ಕ್ರಮ ತಪ್ಪಬಾರದು, ಏಕೆಂದರೆ ಮೊದಲನೆಯದನ್ನು ಬದಲಿಸಿದರೆ ನಂತರದ್ದೆಲ್ಲ ಬದಲಾಗುತ್ತದೆ. ಮೊದಲು ಟ್ರಿಗರ್. ಎತ್ತರದವರ ಬೆರಳು ಉದ್ದ, ಗ್ರಿಪ್ ಹಿಡಿದಾಗ ಟ್ರಿಗರ್ ಬೆರಳಿನ ಮೊದಲ ಗೆಣ್ಣಿನೊಳಗೆ ಹೋಗಿಬಿಡುತ್ತದೆ, ಆಗ ಎಳೆತ ಪಕ್ಕಕ್ಕೆ ತಳ್ಳುತ್ತದೆ. ಟ್ರಿಗರ್ ಬ್ಲೇಡನ್ನು ಅದರ ಹಳಿಯ ಮೇಲೆ ಮುಂದಕ್ಕೆ ಸರಿಸಿ, ಬೆರಳಿನ ತುದಿಯ ಮೆತ್ತನೆಯ ಭಾಗ ನೇರ ಹಿಂದಕ್ಕೆ ಎಳೆಯುವಂತೆ ಮಾಡಿ. ಬ್ಲೇಡ್ 8 ಮಿ.ಮೀ. ಮುಂದೆ ಹೋದರೆ ಪುಲ್ ಲೆಂಗ್ತ್ ಕೂಡ 8 ಮಿ.ಮೀ. ಹೆಚ್ಚಿದಂತೆ, ಅದಕ್ಕೇ ಇದು ಮೊದಲು. ಆಮೇಲೆ ಬಟ್ಟಿನ ಉದ್ದ. ಆಮೇಲೆ ಬಟ್ಟಿನ ಎತ್ತರ: ತಲೆ ನೆಟ್ಟಗಾಗುವವರೆಗೆ 5 ಮಿ.ಮೀ.ನಂತೆ ಇಳಿಸುತ್ತ ಹೋಗಿ. ಚೀಕ್ ಪೀಸ್ ಅದರ ನಂತರ, ಕೆನ್ನೆಯ ತೂಕ ಬೀಳುವಂತೆ, ಒತ್ತಿ ಹಿಡಿಯಬೇಕಾಗದಂತೆ. ಕೊನೆಗೆ ಸೈಟನ್ನು ಹಿಂದೆ ಮುಂದೆ ಸರಿಸಿ ಮತ್ತೆ ಜೀರೊ ಮಾಡಿ, ಅಂದರೆ ಗುರಿಯಿಟ್ಟಲ್ಲಿಗೇ ಗುಂಡು ಬೀಳುವಂತೆ ಸೈಟು ಹೊಂದಿಸಿ.

ದಿನಕ್ಕೆ ಒಂದೇ ಬದಲಾವಣೆ. ಮೊದಲ ಹೊಂದಾಣಿಕೆ ಆದ ಮೇಲೆ 2–3 ಮಿ.ಮೀ. ಮೀರಿ ಒಮ್ಮೆಲೇ ಸರಿಸಬೇಡಿ, ಕನಿಷ್ಠ 40 ಹೊಡೆತ ಹಾಕುವ ಮೊದಲು ತೀರ್ಪು ಕೊಡಬೇಡಿ. ಅಡ್ಜಸ್ಟೆಬಲ್ ಸ್ಟಾಕ್ ಕೊಂಡವರಲ್ಲಿ ಅನೇಕರು ಒಂದು ಕೆಟ್ಟ ಸರಣಿಗೇ ಆಲನ್ ಕೀ ಕೈಗೆತ್ತಿಕೊಳ್ಳುತ್ತಾರೆ, ಮೂರು ತಿಂಗಳಾದರೂ ಅವರ ಭಂಗಿ ನೆಲೆಗೊಳ್ಳುವುದಿಲ್ಲ.

ಅಳತೆ ಸರಿಹೋದ ದಿನ ಪ್ರತಿ ಕಂಬಿಯ ಹೊರಗೆ ಕಾಣುವ ಉದ್ದವನ್ನು ಕ್ಯಾಲಿಪರಿನಿಂದ ಅಳೆದು ಪುಸ್ತಕದಲ್ಲಿ ಬರೆಯಿರಿ. ಪ್ರತಿ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹಕ್ಕೆ ನೇಲ್ ಪಾಲಿಷಿನ ಸಣ್ಣ ಗೆರೆ ಎಳೆಯಿರಿ. ಸ್ಕ್ರೂ ತಿರುಗಿದರೆ ಗೆರೆ ಒಡೆದು ತೋರಿಸುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಿ: ಮರದ ಸ್ಟಾಕ್ ತೇವ ಕುಡಿದು ಉಬ್ಬಿದರೆ ಬ್ಯಾರಲ್ ಭಾಗವನ್ನು ಸ್ಟಾಕಿಗೆ ಬಿಗಿಯುವ ಆಕ್ಷನ್ ಸ್ಕ್ರೂಗಳ ಬಿಗಿ ಬದಲಾಗಿ ಜೀರೊ ಸರಿಯುತ್ತದೆ, ಅಂಟಿಸಿದ ಫೋಮ್ ಏಳುತ್ತದೆ. ಅಲ್ಯೂಮಿನಿಯಂ ಉಬ್ಬುವುದಿಲ್ಲ, ಆದರೆ ಬೆವರಿನ ಉಪ್ಪು ಕಂಬಿಯ ಸಂದಿಗೆ ಇಳಿದು ಸ್ಕ್ರೂ ತುಕ್ಕು ಹಿಡಿಯುತ್ತದೆ. ಅಭ್ಯಾಸ ಮುಗಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ತಿಂಗಳಿಗೊಮ್ಮೆ ಕಂಬಿ ಹೊರತೆಗೆದು ಒಂದು ಹನಿ ಎಣ್ಣೆ ಸವರಿ, ಬರೆದಿಟ್ಟ ಅಳತೆಗೇ ಮತ್ತೆ ಕೂರಿಸಿ.