ಹಿರಿಯರ ಆಪರೇಷನ್‌ಗೆ ಮೊದಲು ಮಿದುಳಿಗೂ ತಯಾರಿ ಬೇಕು

ಮಂಡಿ ಬದಲಿಸುವ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಎರಡನೇ ರಾತ್ರಿ, ಸುಮಾರು ಎರಡು ಗಂಟೆಗೆ, ನಮ್ಮಪ್ಪ ಎದ್ದು ಕೂತರು. "ತ್ರೀ ಫೇಸ್ ಕರೆಂಟ್ ಬಂದಿದೆ, ಮೋಟರ್ ಹಾಕಿ ಬರ್ತೀನಿ" ಎಂದು ಕೈಗೆ ಹಾಕಿದ್ದ ಡ್ರಿಪ್ ಕೀಳಲು ಹೋದರು. ನನ್ನನ್ನು ಚಿಕ್ಕಪ್ಪನ ಹೆಸರಿನಿಂದ ಕರೆದರು. ತೋಟ ಮಾರಿ ಆಗಲೇ ಹನ್ನೆರಡು ವರ್ಷವಾಗಿತ್ತು.

ಅವರ ಕನ್ನಡಕ, ಕಿವಿ ಮೆಷಿನ್ ಎರಡೂ ಆ ಹೊತ್ತಿಗೆ ಮನೆಯ ಬೀರುವಿನಲ್ಲಿದ್ದವು. ಕಳೆದುಹೋದಾವು ಎಂದು ನಾನೇ ತೆಗೆದಿಟ್ಟಿದ್ದೆ. ಅರೆಬೆಳಕಿನ ವಾರ್ಡಿನಲ್ಲಿ ಅವರಿಗೆ ನನ್ನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ನನ್ನ ಮಾತು ಕೇಳುತ್ತಿರಲಿಲ್ಲ.

ಇದಕ್ಕೆ ಡಾಕ್ಟರುಗಳು ಡೆಲಿರಿಯಂ ಎನ್ನುತ್ತಾರೆ. ಹಳಬರು ಸನ್ನಿ ಎನ್ನುತ್ತಿದ್ದರು. 65 ದಾಟಿದವರಲ್ಲಿ ಆಪರೇಷನ್ ಆದ ಮೇಲೆ ಆಗಾಗ ಕಾಣುವ ತೊಂದರೆ ಇದು. ಸಾಮಾನ್ಯವಾಗಿ ಮೊದಲ ಮೂರು ದಿನಗಳಲ್ಲಿ ಶುರುವಾಗುತ್ತದೆ. ಬೆಳಿಗ್ಗೆ ಸರಿಯಿದ್ದವರು ಸಂಜೆಗೆ ಗೊಂದಲಕ್ಕೆ ಬೀಳುತ್ತಾರೆ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೆಲವರಿಗೆ ಮಾತ್ರ ವಾರಗಟ್ಟಲೆ ಉಳಿದು, ನೆನಪಿನ ಶಕ್ತಿಯೇ ಕುಗ್ಗಬಹುದು. "ವಯಸ್ಸಾಯ್ತು, ಅರಳು ಮರಳು" ಎಂದು ಸುಮ್ಮನಾಗುವ ವಿಷಯ ಅಲ್ಲವೇ ಅಲ್ಲ.

ಒಂದು ಸಮಾಧಾನವಿದೆ. ಇದನ್ನು ಎಷ್ಟೋ ಮಟ್ಟಿಗೆ ತಡೆಯಬಹುದು. ಅಮೆರಿಕದ ಯೇಲ್‌ನಲ್ಲಿ ಡಾ. ಶರೋನ್ ಇನೌಯೆ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 70 ದಾಟಿದ 852 ರೋಗಿಗಳಿದ್ದರು. ಮಾಮೂಲಿ ಆರೈಕೆ ಸಿಕ್ಕವರಲ್ಲಿ ಶೇ 15 ಮಂದಿಗೆ ಡೆಲಿರಿಯಂ ಬಂತು. ವಿಶೇಷ ಕಾಳಜಿ ಸಿಕ್ಕವರಲ್ಲಿ ಶೇ 9.9 ಮಂದಿಗೆ ಮಾತ್ರ. ವಿಶೇಷ ಕಾಳಜಿ ಎಂದರೆ ಹೊಸ ಔಷಧಿಯಲ್ಲ. ಕನ್ನಡಕ ಕೊಡುವುದು, ಕಿವಿ ಕೇಳುವಂತೆ ನೋಡಿಕೊಳ್ಳುವುದು, ನೀರು ಕುಡಿಸುವುದು, ನಡೆಸುವುದು, ರಾತ್ರಿ ಮಲಗಲು ಬಿಡುವುದು, ಇವತ್ತು ಯಾವ ದಿನ ಎಂದು ಮಾತಾಡಿಸುವುದು. ಅವರೆಲ್ಲ ಆಪರೇಷನ್‌ಗೆ ಬಂದವರಲ್ಲ, ಬೇರೆ ಕಾಯಿಲೆಗೆ ಸೇರಿದ್ದವರು. ಆದರೂ ಇದೇ ದಾರಿಯನ್ನು ಈಗ ಆಪರೇಷನ್ ಆದವರಿಗೂ ಹೇಳುತ್ತಾರೆ.

ಎರಡು–ಮೂರು ವಾರ ಮೊದಲು: ಮಾತ್ರೆ ಚೀಲ

ಆಪರೇಷನ್‌ಗೆ ಮೊದಲು ಅರಿವಳಿಕೆ ಡಾಕ್ಟರ್ ಒಂದು ತಪಾಸಣೆ ಮಾಡುತ್ತಾರೆ. ಆಸ್ಪತ್ರೆಯವರು ಇದನ್ನು ಪಿಎಸಿ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಇದನ್ನು ಬರೀ 'ಫಿಟ್‌ನೆಸ್ ಸಹಿ' ಎಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಿದುಳಿನ ಬಗ್ಗೆ ಮಾತಾಡಲು ನಿಮಗೆ ಸಿಗುವ ಒಳ್ಳೆಯ ಅವಕಾಶ ಅದು. ಆದಷ್ಟು ಬೇಗ ಮಾಡಿಸಿಕೊಳ್ಳಿ. ಹಿಂದಿನ ದಿನ ಗೊತ್ತಾದರೆ ಮಾತ್ರೆ ಬದಲಿಸಲು ಸಮಯವೇ ಇರುವುದಿಲ್ಲ.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬಿಪಿ, ಶುಗರ್ ಮಾತ್ರೆ ಮಾತ್ರ ಅಲ್ಲ. ದಿಂಬಿನ ಕೆಳಗಿರುವ ನಿದ್ದೆ ಮಾತ್ರೆ, ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತಂದ ಆವಿಲ್, ಕೆಮ್ಮಿನ ಸಿರಪ್, ನಾಟಿ ಔಷಧಿ ಎಲ್ಲವೂ ಇರಲಿ. ತುರಿಕೆಗೆ, ಶೀತಕ್ಕೆ ತಗೊಳ್ಳುವ ಆವಿಲ್ ಥರದ ಹಳೆಯ ಮಾತ್ರೆಗಳು ಮತ್ತು ಆಲ್ಪ್ರಜೋಲಂ ಥರದ ನಿದ್ದೆ ಮಾತ್ರೆಗಳು ವಯಸ್ಸಾದ ಮಿದುಳನ್ನು ಮಂಕು ಮಾಡುತ್ತವೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ವರ್ಷಗಟ್ಟಲೆ ತಗೊಂಡ ನಿದ್ದೆ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಅದರಿಂದಲೇ ಡೆಲಿರಿಯಂ ಬರಬಹುದು. ದಿನಾ ಕುಡಿಯುವ ಅಭ್ಯಾಸ ಇದ್ದರೂ ಅಷ್ಟೇ. ನಾಚಿಕೆಯಿಂದ ಮುಚ್ಚಿಟ್ಟರೆ ಅಪಾಯ ಜಾಸ್ತಿ.

ಮರೆವಿನ ವಿಷಯ ಮುಚ್ಚಿಡಬೇಡಿ

"ಅಮ್ಮ ಈಚೆಗೆ ಗ್ಯಾಸ್ ಆರಿಸೋದು ಮರೀತಾರೆ" ಎಂಬ ಮಾತನ್ನು ಡಾಕ್ಟರ ಮುಂದೆ ಹೇಳಲು ನಮಗೆ ಸಂಕೋಚ. ಅಮ್ಮ ಪಕ್ಕದಲ್ಲೇ ಕೂತಿರುತ್ತಾರೆ ಅಲ್ವಾ? ಹಾಗಿದ್ದರೆ ಚೀಟಿಯಲ್ಲಿ ಬರೆದುಕೊಡಿ. ಮೊದಲೇ ಮರೆವು ಇರುವವರಿಗೆ ಡೆಲಿರಿಯಂ ಬರುವ ಸಂಭವ ಹೆಚ್ಚು.

ಮಿನಿ–ಕಾಗ್ ಎಂಬ ಸಣ್ಣ ಪರೀಕ್ಷೆಯನ್ನು ಮಾಡುತ್ತೀರಾ ಎಂದು ಕೇಳಿ. ಮೂರು ನಿಮಿಷ ಸಾಕು. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಲು ಹೇಳುತ್ತಾರೆ. ಆಮೇಲೆ ಗಡಿಯಾರದ ಚಿತ್ರ ಬರೆದು ಅದರಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. ಕೊನೆಗೆ ಆ ಮೂರು ಪದ ಕೇಳುತ್ತಾರೆ. ಗಡಿಯಾರ ಬರೆಯುವಾಗ ಕೆಲವರು ಹನ್ನೆರಡೂ ಅಂಕಿಗಳನ್ನು ಒಂದೇ ಪಕ್ಕದಲ್ಲಿ ತುಂಬಿಬಿಡುತ್ತಾರೆ. ಮಾತಿನಲ್ಲಿ ಗೊತ್ತಾಗದ ಮರೆವು ಅಲ್ಲಿ ಕಾಣುತ್ತದೆ. ಅಂಕ ಕಡಿಮೆ ಬಂದರೆ ಆಪರೇಷನ್ ಬೇಡ ಎಂದಲ್ಲ. ಜಾಸ್ತಿ ಎಚ್ಚರ ಬೇಕು ಎಂದು ಅರ್ಥ.

"ಪೂರ್ತಿ ಅರಿವಳಿಕೆ ಬೇಡ, ಬೆನ್ನಿಗೆ ಇಂಜೆಕ್ಷನ್ ಕೊಡಿ, ತಲೆಗೆ ಒಳ್ಳೆಯದು" ಎಂದು ಹಲವರು ಹಟ ಹಿಡಿಯುತ್ತಾರೆ. ಸೊಂಟ ಮುರಿದ 1,600 ಜನರ ಮೇಲೆ ಅಮೆರಿಕ–ಕೆನಡಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪೂರ್ತಿ ಅರಿವಳಿಕೆ ಪಡೆದವರು, ಬೆನ್ನಿಗೆ ಇಂಜೆಕ್ಷನ್ ಪಡೆದವರು ಎರಡೂ ಗುಂಪಿನಲ್ಲಿ ಸುಮಾರು ಶೇ 20 ಮಂದಿಗೆ ಡೆಲಿರಿಯಂ ಬಂತು. ಹಾಗಾಗಿ ಯಾವ ಅರಿವಳಿಕೆ ಎಂಬುದನ್ನು ಹೃದಯ, ಶ್ವಾಸಕೋಶ ನೋಡಿ ಡಾಕ್ಟರೇ ತೀರ್ಮಾನಿಸಲಿ. ನೀವು ಕೇಳಬೇಕಾದ್ದು ಬೇರೆ: "ಮಿದಜೋಲಂ ಥರದ ಮಂಪರಿನ ಇಂಜೆಕ್ಷನ್ ಇಲ್ಲದೆ ಆಗುತ್ತಾ?" "ನೋವಿಗೆ ನರದ ಬ್ಲಾಕ್, ಅಂದರೆ ಆ ಭಾಗದ ನರವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಕೊಡಬಹುದಾ?"

ಹಿಂದಿನ ದಿನ

ದಿನಾ ನಡೆಯುವವರು ಹಿಂದಿನ ದಿನದವರೆಗೂ ನಡೆಯಲಿ. ಹೊಟ್ಟೆ ಖಾಲಿ ಇರಬೇಕು ಎಂದು ರಾತ್ರಿಯಿಂದಲೇ ನೀರನ್ನೂ ನಿಲ್ಲಿಸುವ ರೂಢಿ ನಮ್ಮಲ್ಲಿದೆ. ಮೈಯಲ್ಲಿ ನೀರು ಕಡಿಮೆಯಾದರೂ ತಲೆ ಗೊಂದಲವಾಗುತ್ತದೆ. ಸಾಮಾನ್ಯ ನಿಯಮದ ಪ್ರಕಾರ ಬರೀ ನೀರನ್ನು ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು. ಹಾಲು ಹಾಕಿದ ಕಾಫಿಗೆ ಮಾತ್ರ ಆರು ಗಂಟೆ ಅಂತರ ಬೇಕು. ನಿಮ್ಮವರಿಗೆ ಎಷ್ಟು ಗಂಟೆ ಎಂದು ಕೇಳಿ ಬರೆದುಕೊಳ್ಳಿ.

ಚೀಲದಲ್ಲಿ ಕನ್ನಡಕ, ಕಿವಿ ಮೆಷಿನ್, ಅದರ ಬ್ಯಾಟರಿ, ಹಲ್ಲಿನ ಸೆಟ್ ಇಡುವ ಡಬ್ಬಿ ಇರಲಿ. ಎಲ್ಲಕ್ಕೂ ಹೆಸರಿನ ಚೀಟಿ ಅಂಟಿಸಿ. ಥಿಯೇಟರಿಗೆ ಹೋಗುವಾಗ ತೆಗೆಸುತ್ತಾರೆ. ನೀವು ಕೈಯಲ್ಲೇ ಹಿಡಿದು ಕಾಯಿರಿ. ಎಚ್ಚರವಾದ ಕೂಡಲೇ ಹಾಕಿಸಬೇಕು. ಒಂದು ಗಡಿಯಾರ, ಮನೆಯ ಕ್ಯಾಲೆಂಡರ್ ಕೂಡ ತನ್ನಿ.

ಆಪರೇಷನ್ ಆದ ಮೇಲೆ

ಮೊದಲ ರಾತ್ರಿಗಳಲ್ಲಿ ಪಕ್ಕದಲ್ಲಿರುವವರು ರೋಗಿಗೆ ಚೆನ್ನಾಗಿ ಗುರುತಿರುವ ಮುಖವೇ ಆಗಿರಲಿ. ನರ್ಸುಗಳ ಭಾಷೆ ಬೇರೆ ಇರಬಹುದು. ಅವರು ಹೇಳಿದ್ದನ್ನು ಕಿವಿಯ ಹತ್ತಿರ, ಮನೆಯ ಮಾತಿನಲ್ಲಿ ತಿಳಿಸಿ. ಹಗಲು ಕಿಟಕಿ ಪರದೆ ಸರಿಸಿ. ರಾತ್ರಿ ದೀಪ ಆರಿಸಿ, ಫೋನ್ ದೂರವಿಡಿ. ಡಾಕ್ಟರ್ ಒಪ್ಪಿದ ಕೂಡಲೇ ಕೂರಿಸಿ, ನಡೆಸಿ. ಮೂತ್ರದ ನಳಿಕೆ ಯಾವಾಗ ತೆಗೆಯುತ್ತೀರಿ ಎಂದು ದಿನಾ ಕೇಳಿ. ಮೂತ್ರ ಕಟ್ಟಿದರೂ, ಮಲಬದ್ಧತೆಯಾದರೂ, ನೋವು ತಡೆದುಕೊಂಡಿದ್ದರೂ ಗೊಂದಲ ಹೆಚ್ಚುತ್ತದೆ.

ಗೊಂದಲ ಬಂದರೆ ವಾದ ಮಾಡಬೇಡಿ, ಕೈಕಾಲು ಕಟ್ಟಲು ಹೇಳಬೇಡಿ. ಕೈ ಹಿಡಿದು, ಎಲ್ಲಿದ್ದೇವೆ, ಏನಾಯ್ತು ಎಂದು ಮೆಲ್ಲಗೆ ಹೇಳುತ್ತಿರಿ. ಅಪ್ಪನಂತೆ ಗಲಾಟೆ ಮಾಡುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಸುಮ್ನೆ ಮಲಗಿ, ಕರೆದರೂ ಅರ್ಧ ಕಣ್ಣು ತೆರೆಯುವವರು "ಪಾಪ, ಸುಸ್ತು" ಎಂಬ ಮಾತಿನಲ್ಲಿ ತಪ್ಪಿಹೋಗುತ್ತಾರೆ. ಅದೂ ಡೆಲಿರಿಯಂ ಇರಬಹುದು. "ಇವರು ಯಾವಾಗಲೂ ಹೀಗಿರಲ್ಲ, ನಿನ್ನೆ ಸಂಜೆಯಿಂದ ಹೀಗಾಗಿದ್ದಾರೆ" ಎಂದು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ. ಸೋಂಕು, ಸೋಡಿಯಂ ಇಳಿತ, ಆಮ್ಲಜನಕದ ಕೊರತೆ ಇದೆಯೇ ಎಂದು ಅವರು ಹುಡುಕಬೇಕಾಗುತ್ತದೆ.

ಅಪ್ಪ ಐದನೇ ದಿನಕ್ಕೆ ಸರಿಯಾದರು. ಈಗ ಅವರ ಫೈಲಿನ ಮೊದಲ ಹಾಳೆಯಲ್ಲಿ ಕೆಂಪು ಇಂಕಿನಲ್ಲಿ ಬರೆದಿಟ್ಟಿದ್ದೇನೆ: 'ಹಿಂದಿನ ಆಪರೇಷನ್ ಆದ ಮೇಲೆ ಡೆಲಿರಿಯಂ ಆಗಿತ್ತು. ಎಡಗಿವಿಗೆ ಮೆಷಿನ್ ಇದೆ. ಕನ್ನಡಕ ಬೇಕು.'