ದುರ್ಗದವರು ನೋತ್ರ್ ದಾಮ್ ನೋಡುವುದು ಹೇಗೆ?

ನೋತ್ರ್ ದಾಮ್ ಅನ್ನೋ ಹಳೇ ದೊಡ್ಡ ಚರ್ಚ್ ನೋಡಲು ಪ್ಯಾರಿಸ್‌ಗೆ ಹೋಗುವ ಪ್ಲಾನ್ ಇದ್ದರೂ ಸರಿ, ಚಿತ್ರದುರ್ಗದಲ್ಲೇ ಕೂತು ಸುಮ್ನೆ ಫೋಟೋ ನೋಡಿದರೂ ಸರಿ, ಮೊದಲು ಎದುರಿನ ಎರಡು ಗೋಪುರ ಬಿಟ್ಟು ಪಕ್ಕಕ್ಕೆ ಬನ್ನಿ. ಅಸಲಿ ಕೆಲಸ ಇರುವುದು ಅಲ್ಲೇ.

ನಮ್ಮ ಕೋಟೆಯಲ್ಲಿ ಗೋಡೆ ದಪ್ಪ ಇದ್ದಷ್ಟೂ ಗಟ್ಟಿ, ಅಲ್ವಾ? ಇಲ್ಲಿ ಉಲ್ಟಾ. ಸುಮಾರು 33 ಮೀಟರ್ ಎತ್ತರದ ಕಲ್ಲಿನ ಚಾವಣಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಆ ಒತ್ತಡವನ್ನು ಹೊರಗಿನ ಅರ್ಧ ಕಮಾನುಗಳು ಹಿಡಿದು ನೆಲಕ್ಕೆ ಇಳಿಸುತ್ತವೆ, ಹಾಗಾಗಿಯೇ ಗೋಡೆ ತೆಳುವಾಗಿ ಅಷ್ಟು ದೊಡ್ಡ ಬಣ್ಣದ ಗಾಜಿನ ಕಿಟಕಿಗಳಿಗೆ ಜಾಗ ಸಿಕ್ಕಿದ್ದು. ಒಳಗೆ ಹೋದ ಮೇಲೆ ಕತ್ತೆತ್ತಿ. ಚಾವಣಿಯಲ್ಲಿ ಅಡ್ಡಡ್ಡ ಹಾದಿರುವ ಒಂದು ಕಲ್ಲಿನ ಪಟ್ಟಿಯನ್ನು ಕಂಬದ ಬುಡದ ತನಕ ಕಣ್ಣಲ್ಲೇ ಹಿಂಬಾಲಿಸಿ. ಭಾರ ಇಳಿಯುವ ದಾರಿ ಅದು.

ಕಟ್ಟಲು ಶುರು ಮಾಡಿದ್ದು 1163ರಲ್ಲಿ. 2019ರ ಬೆಂಕಿಗೆ ಮುರಿದು ಬಿದ್ದ ಚೂಪು ಗೋಪುರ ಮಾತ್ರ 19ನೇ ಶತಮಾನದ್ದು. ಈಗಿರುವುದು ಅದೇ ವಿನ್ಯಾಸದಲ್ಲಿ ಮತ್ತೆ ಕಟ್ಟಿದ್ದು. 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದಿದೆ, ಪ್ರವೇಶ ಉಚಿತ.

ಮಳೆ ಬಂದರೆ ಓಡಬೇಡಿ. ಗೋಡೆಯಿಂದ ಆಚೆ ಚಾಚಿದ ವಿಕಾರ ಪ್ರಾಣಿಗಳ ಬಾಯಿಂದ ಚಾವಣಿಯ ನೀರು ದೂರಕ್ಕೆ ಬೀಳುವುದನ್ನು ನೋಡಿ. ಪೋಸ್ಟ್‌ಕಾರ್ಡ್‌ಗಳಲ್ಲಿ ಒಂದು ವಿಕಾರ ಮೂರ್ತಿ ಗಲ್ಲಕ್ಕೆ ಕೈಕೊಟ್ಟು ಕೂತಿರುತ್ತಲ್ಲ, ಅದು ಬೇರೆ. 19ನೇ ಶತಮಾನದ ಬರೀ ಅಲಂಕಾರ, ಅದರಿಂದ ಹನಿ ನೀರೂ ಬರುವುದಿಲ್ಲ.